ವೇಲ್ಸ್ ಅಜ್ಜನ ಗುಡ್ಡದ ಮಣ್ಣು

ಕೆಲವರ ಮನೆಗೆ ನೆಂಟರು ಬರುತ್ತಾರೆ, ಅಮೆರಿಕದ ಮೀರಾ ಮೆಸಾ ಊರಿನ ನಮ್ಮ ಮನೆಗೆ ಫಜೀತಿಗಳು ಬರುತ್ತವೆ. ಕೋವಿಡ್ ಕಳೆದ ಮೇಲಂತೂ ಹೆಚ್ಚಿನವು ಪಕ್ಕದ ಮನೆಯಿಂದಲೇ. ಅಲ್ಲಿರುವುದು ವೇಲ್ಸ್ ದೇಶದ ಒಬ್ಬ ಅಜ್ಜ. ಹುಟ್ಟೂರಿನ ಸ್ಕಿರಿಡ್ ಗುಡ್ಡವೆಂದರೆ ಅವರಿಗೆ ಪ್ರಾಣ. ಉಡುಪಿಯ ನಮ್ಮ ಅತ್ತೆಗೆ ಇಂಗ್ಲಿಷ್ ಬಾರದು. ಹಾಗಾಗಿ ಇಬ್ಬರ ನಡುವೆ ದುಭಾಷಿ ನನ್ನ ಗಂಡ. ಮನೆಯಲ್ಲಿ ಅವರು ಬಾಯಿ ಬಿಡುವುದು ಆ ಕೆಲಸಕ್ಕೆ ಮಾತ್ರ.

ಹಿಮ್ಮಡಿ

ಸ್ಕಿರಿಡ್‌ನ ಒಂದು ಪಕ್ಕ ಕುಸಿದು ದೊಡ್ಡ ಕಚ್ಚು ಬಿದ್ದಿದೆಯಂತೆ. "ಪ್ರಳಯದಲ್ಲಿ ತೇಲಿ ಬಂದ ನೋಹನ ಹಡಗು ತಾಗಿ ಆಯಿತು ಅನ್ನುತ್ತಾರೆ. ಪಕ್ಕದ ಬೆಟ್ಟದಿಂದ ಹಾರಿದವನೊಬ್ಬನ ಹಿಮ್ಮಡಿ ಊರಿ ಆಯಿತು ಅಂತಲೂ ಕಥೆಯಿದೆ," ಎಂದರು ಅಜ್ಜ.

ಅತ್ತೆ ತಲೆಯಾಡಿಸಿದರು. "ಭೀಮನೇ. ನಮ್ಮಲ್ಲಿ ಊರಿಗೊಂದು ಕಡೆ ಕಾಲೂರಿದ್ದಾನೆ. ಅಲ್ಲಿಗೂ ಹೋಗಿದ್ನಾ ಮಾರಾಯ!"

ಪ್ರಸಾದ

ಗುಡ್ಡದ ತುದಿಯಲ್ಲೊಂದು ಪಾಳುಬಿದ್ದ ಪ್ರಾರ್ಥನಾ ಮಂದಿರವಿದೆ. ಹಿಂದೆ ಅವರ ಕ್ಯಾಥೊಲಿಕ್ ಪಂಥದ ಪೂಜೆಗೆ ನಿಷೇಧವಿದ್ದಾಗ ಜನ ಗಾಳಿಮಳೆಯಲ್ಲಿ ಕದ್ದುಮುಚ್ಚಿ ಅಲ್ಲಿಗೆ ಹತ್ತುತ್ತಿದ್ದರಂತೆ. ಹೇಳುವಾಗ ಅಜ್ಜನ ಕಣ್ಣು ಒದ್ದೆಯಾಯಿತು, ನನ್ನದೂ.

"ಪ್ರಸಾದ ಎಂತ ಕೊಡ್ತಿದ್ರು?" ಅತ್ತೆ ಕೇಳಿದರು.

"ಒಂದು ಚೂರು ಬ್ರೆಡ್."

"ಅಷ್ಟು ಹತ್ತಿಸಿ ಬರೀ ಬ್ರೆಡ್ಡಾ? ಪಂಚಕಜ್ಜಾಯ ಕೊಟ್ಟಿದ್ರೆ ಗುಡಿ ಇವತ್ತಿಗೂ ನಿಲ್ತಿತ್ತು."

ಡಬ್ಬಿ

ಕಳೆದ ವರ್ಷ ಅಜ್ಜನ ಮನೆಗೆ ಪೇಂಟ್ ಹೊಡೆಯುವ ಕೆಲಸ ಶುರುವಾಯಿತು. ಗ್ಲೆಂಡೇಲ್‌ನ ಮಗಳ ಮನೆಗೆ ಹೊರಟವರು ತಗಡಿನ ಡಬ್ಬಿಯೊಂದನ್ನು ತಂದು ಅತ್ತೆಯ ಕೈಗಿಟ್ಟರು. "ನನ್ನ ಗುಡ್ಡದ ಮಣ್ಣು, ಪವಿತ್ರವಾದದ್ದು. ನಾನು ಸತ್ತಾಗ ಶವಪೆಟ್ಟಿಗೆಯ ಮೇಲೆ ಉದುರಿಸಬೇಕು. ನಮ್ಮ ಕಡೆಯ ಹಳೇ ಪದ್ಧತಿ. ಇರುವುದು ಇಷ್ಟೇ, ಜೋಪಾನ."

ಅಂದು ನಮ್ಮಲ್ಲಿ ಸತ್ಯನಾರಾಯಣ ಪೂಜೆ. ಶುಭ ದಿನ ಸಾವಿನ ಮಾತು ಯಾಕೆಂದು ನನ್ನ ಗಂಡ ಅರ್ಧ ನುಂಗಿಕೊಂಡು, "ಪವಿತ್ರ ಗುಡ್ಡದ ಮಣ್ಣಂತೆ," ಎಂದಷ್ಟೇ ಹೇಳಿದರು.

"ಮೃತ್ತಿಕೆ ಪ್ರಸಾದ!" ಅತ್ತೆ ಡಬ್ಬಿಯನ್ನು ಕಣ್ಣಿಗೊತ್ತಿಕೊಂಡರು.

ನಾನು ಅಡುಗೆಮನೆಯಿಂದ ಈಚೆ ಬರುವಷ್ಟರಲ್ಲಿ ಪೂಜೆಗೆ ಬಂದ ನಮ್ಮ ಊರವರೆಲ್ಲ ಹಣೆಗೆ ಮಣ್ಣು ಹಚ್ಚಿಕೊಂಡು, ಮಿಕ್ಕಿದ್ದನ್ನು ಪೊಟ್ಟಣ ಕಟ್ಟಿಕೊಂಡು ಕಾರು ಹತ್ತಿಯಾಗಿತ್ತು. ದೂರದ ಆರ್ಟೀಸಿಯಾ ಊರಿನಿಂದ ಬಂದವರು ಎರಡು ಪೊಟ್ಟಣ ಒಯ್ದಿದ್ದರು.

ಪೇಂಟ್ ಮುಗಿದ ಮೇಲೆ ಅಜ್ಜ ಮಗಳೊಂದಿಗೆ ವಾಪಸ್ ಬಂದು ಡಬ್ಬಿ ತೆರೆದರು. ಒಳಗೆ ಎರಡು ತುಳಸಿ ಎಲೆ. ನನ್ನ ಗಂಡ ಬೆವರುತ್ತ ಇಬ್ಬರಿಗೂ ಪೂರ್ತಿ ವಿಷಯ ಒಪ್ಪಿಸಿದರು. ನನಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು.

"ಈಗ ನಾನೇನು ಮಾಡಲಿ?" ಅಜ್ಜ ಡಬ್ಬಿ ಬೋರಲು ಹಾಕಿ ಕೇಳಿದರು.

ಅತ್ತೆ ಜಗ್ಗಲಿಲ್ಲ. "ಎಂತ ಮಾಡುದು? ಬೇರೆ ಮಣ್ಣು ಬರುವ ತನಕ ಸಾಯ್ಬಾರ್ದು. ಅಷ್ಟೇ!"

ಈ ಸಲ ಗಂಡ ಒಂದಕ್ಷರವನ್ನೂ ನುಂಗಲಿಲ್ಲ. ಅಜ್ಜ ಸೋಫಾದಲ್ಲಿ ಕುಸಿದು ಕೆಮ್ಮು ಬರುವವರೆಗೂ ನಕ್ಕರು. ನನಗೆ ಹೋದ ಜೀವ ಬಂತು.

ಮಗಳು ಸಮಾಧಾನ ಹೇಳಿದಳು: "ಅಪ್ಪಾ, ಮುಂದಿನ ತಿಂಗಳು ನಾನು ವೇಲ್ಸ್‌ಗೆ ಹೋಗ್ತಿದ್ದೀನಲ್ಲ, ತಂದುಕೊಡ್ತೀನಿ."

ಅಜ್ಜ ಗಾಬರಿಯಿಂದ ಎದ್ದು ಕೂತರು. "ಏನೂ ಅವಸರವಿಲ್ಲ! ನೀನು ಆ ಗುಡ್ಡದ ಕಡೆ ತಲೆ ಹಾಕಿಯೂ ಮಲಗಬೇಡ!"