ಮನೆಯೊಳಗೆ ಹಾರುವ ಹೆಲಿಕಾಪ್ಟರು

ಏನೂ ಗೊತ್ತಿಲ್ಲದವನು ಅಂಗಡಿಗೆ ಹೋದರೆ ಅಂಗಡಿಯವನನ್ನು ಕೇಳಿ ಸರಿಯಾದದ್ದನ್ನೇ ತರುತ್ತಾನೆ. ಅರ್ಧ ಗೊತ್ತಿರುವವನು ಅಂಗಡಿಯವನಿಗೇ ಪಾಠ ಹೇಳಿ ಬೇಡದ್ದನ್ನು ಹೊತ್ತುಕೊಂಡು ಬರುತ್ತಾನೆ. ನಾನು ಎರಡನೆಯ ಜಾತಿ. ಮಳವಳ್ಳಿಯ ಹೈಸ್ಕೂಲಿನಲ್ಲಿ ವಿಜ್ಞಾನದ ಮೇಷ್ಟ್ರು. ತಲೆ ನೆರೆತ ಮೇಲೆ ರಿಮೋಟಿನ ಹೆಲಿಕಾಪ್ಟರು ಕೊಂಡಿದ್ದೇನೆಂದರೆ ಮೊಮ್ಮಗನಿಗಿರಬೇಕು ಎಂದುಕೊಳ್ಳುತ್ತಾರೆ. ನಮಗೆ ಮಕ್ಕಳೇ ಇಲ್ಲ. ಕೊಂಡದ್ದು ನನ್ನ ಹೆಂಡತಿ ಸುಶೀಲಳಿಗೆ.

ಸುಶೀಲ ಟೈಲರು. ನಮ್ಮ ಬೀದಿಯ ಮದುವೆ ಹೆಣ್ಣುಗಳೆಲ್ಲ ಅವಳು ಹೊಲಿದ ರವಿಕೆ ತೊಟ್ಟೇ ಹಸೆಮಣೆ ಏರಿದವರು. ಹೋದ ವರ್ಷ ಒಂದು ಬೆಳಿಗ್ಗೆ ಅವಳ ಕೈಯಿಂದ ಕತ್ತರಿ ಜಾರಿ ಬಿತ್ತು. ಲಕ್ವ. ಕಾಲು, ಮಾತು ಮೆಲ್ಲಗೆ ಮರಳಿದವು, ಬಲಗೈ ಮರಳಲಿಲ್ಲ. ಹೊಲಿಗೆ ಮಿಷಿನ್ನಿನ ಮೇಲೆ ಅವಳೇ ಒಂದು ಹಳೆಯ ದುಪ್ಪಟಿ ಹೊದಿಸಿದಳು. ಮದ್ದೂರಿನಲ್ಲಿ ಕೈಗೆ ವ್ಯಾಯಾಮ ಮಾಡಿಸುವ ಡಾಕ್ಟರು, "ಬೆರಳಿಗೆ ಏನಾದರೂ ಆಸೆ ಹುಟ್ಟಿಸಿ" ಎಂದರು. ರಬ್ಬರ್ ಚೆಂಡು ತಂದುಕೊಟ್ಟೆ. ಅದು ಮಂಚದ ಕೆಳಗೆ ಹೋಯಿತು. ಜೇಡಿಮಣ್ಣು ತಂದೆ. "ನಾನೇನು ಅಂಗನವಾಡಿಗೆ ಸೇರ್ಕಂಡಿದ್ದೀನಾ?" ಎಂದಳು. ಆಮೇಲೆ ಅಷ್ಟು ಮಾತೂ ನಿಂತಿತು. ಇನ್ನೊಬ್ಬ ರೋಗಿ ರಿಮೋಟಿನ ಆಟದ ಕಾರು ಓಡಿಸುತ್ತಾನೆಂದು ಡಾಕ್ಟರು ಹೇಳಿದಾಗ ನನ್ನ ತಲೆ ಓಡಿತು. ಕಾರು ನೆಲದಲ್ಲಿ ಹೋಗುತ್ತದೆ, ಇವಳು ಬಗ್ಗಲಾರಳು. ಕಣ್ಣೆತ್ತರದಲ್ಲಿ ಹಾರುವಂಥದ್ದು ಬೇಕು.

ಮಂಡ್ಯದಲ್ಲಿ ನಯಾಜ್ ಎಂಬವರ ಆಟಿಕೆ ಅಂಗಡಿಯಿದೆ. ಅವರು ಅಂಗೈಯಷ್ಟು ಪುಟ್ಟ ಹೆಲಿಕಾಪ್ಟರೊಂದನ್ನು ಮುಂದಿಟ್ಟರು.

"ಇದ್ ತಕಳಿ ಮೇಷ್ಟ್ರೇ. ಮೇಲೆ ಎರಡು ರೆಕ್ಕೆ ಅವೆ, ಒಂದು ಇಂಗ್ ತಿರುಗ್ತದೆ, ಒಂದು ಅಂಗ್ ತಿರುಗ್ತದೆ. ಕೈ ಬುಟ್ರೂ ನಿಂತ್ಕತದೆ. ರೆಕ್ಕೆ ಮೆತ್ತಗದೆ, ಗೋಡೆಗೆ ಹೊಡುದ್ರೂ ಮುರಿಯಾಕಿಲ್ಲ."

ನನ್ನ ಕಣ್ಣು ಮೇಲಿನ ಹಲಗೆಯಲ್ಲಿದ್ದ ದೊಡ್ಡದರ ಮೇಲಿತ್ತು. ಒಂಟಿ ರೆಕ್ಕೆ, ನಿಜವಾದ ಹೆಲಿಕಾಪ್ಟರಿನಂತೆ ಬಾಲದಲ್ಲೊಂದು ಪಂಖ. ಆ ಬಾಲದ ಪಂಖ ಯಾಕೆ ಬೇಕೆಂದು ನಾನು ನಯಾಜರಿಗೆ ಹತ್ತು ನಿಮಿಷ ವಿವರಿಸಿದೆ. ಅವರು ಪೂರ್ತಿ ಕೇಳಿ, "ಅದ್ ಬ್ಯಾಡ ಮೇಷ್ಟ್ರೇ, ಮನೆ ಒಳಗ್ ಆಡ್ಸೋದಲ್ಲ" ಎಂದರು. ನಾನು ಅದನ್ನೇ ತಂದೆ.

ಮನೆಯಲ್ಲಿ ಸುಶೀಲಳನ್ನು ಕುರ್ಚಿಯಲ್ಲಿ ಕೂರಿಸಿ, "ಮೊದಲು ನಾನು ತೋರಿಸ್ತೀನಿ" ಎಂದು ಗುಂಡಿ ಒತ್ತಿದೆ. ಅದು ಕಿರುಚುತ್ತ ಎದ್ದು ಕ್ಯಾಲೆಂಡರಿಗೆ ಗುದ್ದಿ, ನನ್ನ ಕನ್ನಡಕ ಹಾರಿಸಿ, ಕೊನೆಗೆ ಮಿಷಿನ್ನಿನ ಮೇಲಿನ ದುಪ್ಪಟಿಗೆ ಸಿಕ್ಕಿ ಹಾಕಿಕೊಂಡು ಬಾಲ ಮುರಿದುಕೊಂಡಿತು.

ಎಷ್ಟೋ ದಿನಗಳ ಮೇಲೆ ಸುಶೀಲ ಬಾಯಿ ಬಿಟ್ಟಳು. "ನನ್ ಕೈಗಾದ್ರೆ ಲಕ್ವ ಹೊಡ್ದದೆ. ನಿಮ್ ಕೈಗೇನಾಗದೆ?"

ನಾನು ನಗಲು ಹೊರಟೆ. ಅವಳು ನಗಲಿಲ್ಲ. "ಚೆಂಡು ತಂದ್ರಿ, ಮಣ್ಣು ತಂದ್ರಿ, ಈಗ ಇದು. ತಂದ್ ಬಿಸಾಕ್ಬುಟ್ಟು ಇಸ್ಕೂಲ್ಗೆ ಓಡೋಯ್ತೀರಿ. ಒಂದಿನಾನಾದ್ರೂ ಪಕ್ಕದಲ್ಲಿ ಕೂತಿದ್ದೀರಾ?"

ಕೂತಿರಲಿಲ್ಲ. ಆ ಸೋತ ಕೈಯನ್ನು ನೋಡುತ್ತ ಕೂರುವ ಧೈರ್ಯ ನನಗಿರಲಿಲ್ಲ. ಸಾಮಾನು ತರುವುದು ಸುಲಭವಾಗಿತ್ತು.

ಮರುದಿನವೇ ಮಂಡ್ಯದ ಬಸ್ಸು ಹತ್ತಿದೆ. ನನ್ನ ಮುಖ ನೋಡಿಯೇ ನಯಾಜರಿಗೆ ಎಲ್ಲ ತಿಳಿಯಿತು. ಪುಟ್ಟದನ್ನು ತೆಗೆದು, ಎರಡು ಜೊತೆ ಬಿಡಿ ರೆಕ್ಕೆಗಳನ್ನೂ ಸೇರಿಸಿ ಕಟ್ಟಿಕೊಟ್ಟು, "ಫ್ಯಾನ್ ಆಪ್ ಮಾಡಿ, ಬಿಸಿಲ್ ಬೀಳ್ದಿರೋ ಕಡೆ ಆಡ್ಸಿ, ಬಿಸಿಲಲ್ಲಿ ರಿಮೋಟ್ ಕೆಲ್ಸ ಮಾಡಾಕಿಲ್ಲ" ಎಂದಷ್ಟೇ ಹೇಳಿದರು.

ಆ ರಿಮೋಟಿನಲ್ಲಿ ಎಡ ಹೆಬ್ಬೆರಳಿಗೆ ಎತ್ತರ, ಬಲ ಹೆಬ್ಬೆರಳಿಗೆ ದಿಕ್ಕು. ಹೀಗಾಗಿ ಎಷ್ಟೋ ದಿನ ಸುಶೀಲಳ ಹೆಲಿಕಾಪ್ಟರು ಬಾವಿಯ ಕೊಡದಂತೆ ಮೇಲೇರುತ್ತಿತ್ತು, ಕೆಳಗಿಳಿಯುತ್ತಿತ್ತು, ಅಷ್ಟೇ. ನಾನು ಪಕ್ಕದಲ್ಲಿ ಕುಳಿತಿರುತ್ತಿದ್ದೆ. ಒಂದು ಸಂಜೆ ಅದು ಸ್ವಲ್ಪ ಓಲಾಡಿ, ಮೂಗು ತಿರುಗಿಸಿ, ಕಿಟಕಿಯ ಕಡೆ ಹೊರಟಿತು.

"ಓಯ್ತು! ಓಯ್ತು ಕಣ್ರೀ!" ಎಂದು ಸುಶೀಲ ಕೂಗಿದಳು. ನಾನು ಹೆಲಿಕಾಪ್ಟರನ್ನು ನೋಡಲಿಲ್ಲ. ಅವಳ ಬಲ ಹೆಬ್ಬೆರಳನ್ನು ನೋಡುತ್ತಿದ್ದೆ.

ಕಥೆ ಇಲ್ಲಿಗೇ ಮುಗಿದಿದ್ದರೆ ಚೆನ್ನಾಗಿತ್ತು. ಹೆಬ್ಬೆರಳು, ತೋರುಬೆರಳು ಬಂದವು. ಉಳಿದ ಮೂರು ಮುದುಡಿಯೇ ಇವೆ. "ರವಿಕೆ ಹೊಲೀಬೋದಾ ಡಾಕ್ಟ್ರೇ?" ಎಂದು ಅವಳು ಕೇಳಿದಾಗ ಅವರು ಮೇಜಿನ ಮೇಲಿನ ಕಾಗದಗಳನ್ನು ಜೋಡಿಸತೊಡಗಿದರು. ಮರುವಾರ ಅವಳು ಮಿಷಿನ್ನನ್ನು ಪಕ್ಕದ ಬೀದಿಯ ಹುಡುಗಿಗೆ ಕೊಟ್ಟುಬಿಟ್ಟಳು. ಸಾಗಿಸುವಾಗ ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು.

ಹೊರಗೆ ಬಂದು, "ಚಾರ್ಜಿಗೆ ಆಕಿದ್ರಾ ಅದ್ನ?" ಎಂದಳು. ಮಿಷಿನ್ನು ಹೋದ ಮೇಲೆ ಕೋಣೆಯಲ್ಲಿ ಹಾರಲು ಜಾಗ ಹೆಚ್ಚಾಗಿದೆ. ಅದನ್ನು ನಾವು ಬಾಯಿಬಿಟ್ಟು ಹೇಳುವುದಿಲ್ಲ. ಅವಳು ಹಾರಿಸುತ್ತಾಳೆ, ನಾನು ಮಂಚದ ಕೆಳಗೆ ತೆವಳಿ ಹುಡುಕಿ ತರುತ್ತೇನೆ. ನಿನ್ನೆ ಆಸೆ ತಡೆಯಲಾರದೆ, "ನನಗೂ ಒಂದು ಸಲ ಕೊಡೆ" ಎಂದೆ.

ಅವಳು ಹೆಲಿಕಾಪ್ಟರಿನಿಂದ ಕಣ್ಣು ಕೀಳದೆ, "ಸುಮ್ಕೆ ಕೂತ್ಕಂಡ್ ಮೊದ್ಲು ನೋಡ್ಕಳಿ" ಎಂದಳು.

ನಾನು ಕೈಕಟ್ಟಿ ಕುಳಿತೆ.