ಹೊರಟವರನ್ನು ತಡೆದು ಕೇಳುವ ಕರಿ ಪರದೆ

ಸಂತೋಷವನ್ನು ಹೊಟ್ಟೆಯೊಳಗೆ ಇಟ್ಟುಕೊಳ್ಳುವ ವಿದ್ಯೆ ನನಗೆ ಬಂದಿಲ್ಲ. ಎರಡನೇ ಇಯತ್ತೆಗೇ ಶಾಲೆ ಬಿಟ್ಟವಳು. ಅದನ್ನು ಮೂರನೆಯದರಲ್ಲಿ ಕಲಿಸುತ್ತಿದ್ದರೋ ಏನೋ. ನಮ್ಮ ಯಜಮಾನರು ನಮ್ಮೂರು ಬಾಡದಲ್ಲಿ ದೋಣಿಯ ತಾಂಡೇಲರಾಗಿದ್ದರು, ಅಂದರೆ ದೋಣಿಯಲ್ಲಿ ಅವರು ಹೇಳಿದ್ದೇ ಮಾತು. ಆಗ ಬಲೆಗೆ ಬಂಗಡೆ ಬಿದ್ದರೆ ಮೀನು ಬುಟ್ಟಿಗೆ ಬರುವ ಮೊದಲೇ ಸುದ್ದಿ ನನ್ನ ಬಾಯಿಂದ ಕುಮಟಾ ಪೇಟೆ ಮುಟ್ಟಿರುತ್ತಿತ್ತು. ಈಗಲೂ ಹಾಗೇ. ಮೊಮ್ಮಗಳು ವೇಣಿಯ ಸುದ್ದಿ ಹೇಳದೆ ನನಗೆ ಗಂಜಿ ಇಳಿಯುವುದಿಲ್ಲ. ನೀವು ಸಿಕ್ಕಿದ್ದೀರಿ, ಕೇಳಿಯೇ ಹೋಗಬೇಕು.

ವೇಣಿ ಹೊನ್ನಾವರದ ಒಂದು ಸಣ್ಣ ಕಂಪನಿಯಲ್ಲಿ ಸಾಫ್ಟ್‌ವೇರ್ ಬರೆಯುತ್ತಾಳೆ. ಕಂಪ್ಯೂಟರ್ ಅಂದರೆ ಬಣ್ಣಬಣ್ಣದ ಚಿತ್ರ ಎಂದುಕೊಂಡಿದ್ದೆ. ಇವಳದು ಬರೀ ಕರಿ ಪರದೆ, ಮೂಲೆಯಲ್ಲಿ ಮಿಣುಕುವ ಒಂದು ಗೆರೆ. ಕಮಾಂಡ್ ಲೈನ್ ಅಂತೆ. ಅಲ್ಲಿ ಚಿತ್ರವಿಲ್ಲ, ಗುಂಡಿಯಿಲ್ಲ. ಅಪ್ಪಣೆ ಬರೆದರೆ ಕೆಲಸ ಆಗುತ್ತದೆ.

"ಮತ್ತೆ ನೀ ಯಾವಾಗ್ಲೂ ಹೇಳೂ ಈ ಪ್ಲಗಿನ್ ಅಂದ್ರೆ ಎಂತದೆ?" ಎಂದೆ.

"ಈ ಟೂಲ್‌ಗೆ ತಾನಾಗಿ ಬರೂ ಕೆಲಸ ಸ್ವಲ್ಪವೇ ಅಜ್ಜಿ. ಬೇಕಾದ ಹಾಂಗೆ ಪ್ಲಗಿನ್ ಜೋಡಿಸ್ಕಂಡ್ರೆ ಒಂದೊಂದು ಒಂದೊಂದು ಕೆಲಸ ಮಾಡ್ತದೆ."

ಇಷ್ಟೇ ತಾನೆ. ತಾಂಡೇಲ ಒಬ್ಬನೇ ದೋಣಿ ನಡೆಸುತ್ತಾನೆಯೇ? ಬಲೆ ಬಿಡುವವನೊಬ್ಬ, ಇಂಜಿನ್ ನೋಡುವವನೊಬ್ಬ, ನೀರು ಮೊಗೆಯುವವನೊಬ್ಬ. ತಾಂಡೇಲ ಕೂಗಿದಾಗ ಅವರವರ ಕೆಲಸ ಅವರು ಮಾಡಬೇಕು. ಇಡೀ ಆಯುಷ್ಯ ಕಮಾಂಡ್ ಲೈನಿನ ಹೆಂಡತಿಯಾಗಿ ಬಾಳಿದವಳಿಗೆ ಇವಳು ಪಾಠ ಹೇಳುತ್ತಾಳೆ. ನಮ್ಮ ದೋಣಿಯಲ್ಲಿದ್ದ ಒಂದು ಪ್ಲಗಿನ್ ಮಾತ್ರ ಊಟದ ಹೊತ್ತಿಗಷ್ಟೇ ಎಚ್ಚರವಾಗುತ್ತಿತ್ತು. ಅದು ನನ್ನ ತಮ್ಮ ಗಣಪು ಆದ್ದರಿಂದ ಹೆಚ್ಚು ಹೇಳುವುದಿಲ್ಲ.

ವೇಣಿಯೂ ತಾನೇ ಒಂದು ಪ್ಲಗಿನ್ ಕಟ್ಟಿದಳು. ಹೊಸ ಕೆಲಸವನ್ನು ಗಿರಾಕಿಗೆ ಕಳಿಸುವ ಮೊದಲು ಹಳೆಯ ಕಸವನ್ನೆಲ್ಲ ಗುಡಿಸಿ ಹಾಕುವ ಪ್ಲಗಿನ್. ಶನಿವಾರ ಬೆಳಿಗ್ಗೆ ಅದನ್ನು ಎಲ್ಲರಿಗೂ ಮಾಡಿ ತೋರಿಸಬೇಕು. ಸರಿಯಾದರೆ ಕೆಲಸ ಕಾಯಂ, ಇಲ್ಲವಾದರೆ ದೊಡ್ಡ ನಮಸ್ಕಾರ. ಮಾಲೀಕರಾದ ಇರ್ಫಾನ್ ಸಾಹೇಬರು ಭಟ್ಕಳದ ಮನೆಯಿಂದ, ಉಳಿದವರು ಹೊನ್ನಾವರದಿಂದ, ವೇಣಿ ನಮ್ಮ ಜಗಲಿಯಿಂದ, ಎಲ್ಲರೂ ಲ್ಯಾಪ್‌ಟಾಪಿನೊಳಗೇ ಸೇರಿದರು. ನಾನು ಅವಳ ಹಿಂದೆ ಸೀಗಡಿ ಸುಲಿಯುತ್ತಾ ಕೂತೆ. ಬಾಯಿ ತೆರೆಯುವುದಿಲ್ಲ ಎಂದು ಆಣೆ ಮಾಡಿದ್ದೆ. ಕೈಯಲ್ಲಿ ಸೀಗಡಿ ಹಿಡಿದು ಮಾಡಿದ ಆಣೆ, ಎಷ್ಟು ಹೊತ್ತು ನಿಂತೀತು?

ವೇಣಿ ಅಪ್ಪಣೆ ಬರೆದಳು. ಸಾಲುಗಳು ಓಡಿ ಓಡಿ ಒಮ್ಮೆಲೇ ನಿಂತವು. "ಈಗ ಇದು ಕೇಳ್ತಾ ಇದೆ ಸರ್," ಎಂದು ಅವಳು ಸಾಹೇಬರಿಗೆ ವಿವರಿಸಿದಳು, "ಮುಂದೆ ಹೋಗೋದು ಖಂಡಿತವೇ, ಹೌದೋ ಅಲ್ಲವೋ ಅಂತ."

ಕಡಲಿಗೆ ಹೊರಟವರನ್ನು ಎಲ್ಲಿಗೆ, ಯಾಕೆ, ಹೋಗುವುದು ಖಂಡಿತವೇ ಎಂದು ನಮ್ಮಲ್ಲಿ ಯಾರೂ ಕೇಳುವುದಿಲ್ಲ. ಕೇಳಿದರೆ ಬಲೆ ಬರಿದು. ತಪ್ಪಿ ಕೇಳಿದರೋ, ದೋಣಿಗೆ ಇಟ್ಟ ಕಾಲು ತೆಗೆದು, ಮನೆಗೆ ಬಂದು ಕಾಲು ತೊಳೆದು, ಬೆಲ್ಲ ತಿಂದು ನೀರು ಕುಡಿದು ಮತ್ತೆ ಹೊರಡಬೇಕು. ಊರಿಗೆ ಹೊಸದಾಗಿ ಬಂದ ಒಬ್ಬ ಮಾಸ್ತರರ ಯೋಗಕ್ಷೇಮದ ಕಾಟಕ್ಕೆ ನಮ್ಮ ಯಜಮಾನರು ಒಂದೇ ಬೆಳಿಗ್ಗೆ ಮೂರು ಸಲ ಕಾಲು ತೊಳೆದಿದ್ದರು. ಮಾಸ್ತರರನ್ನು ಬಿಡಿ, ಇಷ್ಟೆಲ್ಲ ಬಲ್ಲ ಯಂತ್ರಕ್ಕೆ ಅಷ್ಟು ತಿಳಿಯಬೇಡವೇ?

"ವೇಣಿ, ಮುಟ್ಟಬೇಡ. ಏಳು," ಎಂದೆ.

"ಅಜ್ಜಿ, ಸುಮ್ನೆ ಕೂತ್ಕಣೆ."

"ಹೊರಡೂ ಹೊತ್ತಿಗೆ ಕೇಳ್ತಲ್ಲೆ ಅದು. ಕಾಲ್ ತೊಳ್ಕಂಡು ಬಾ."

ಪರದೆಯಲ್ಲಿದ್ದ ಮುಖಗಳೆಲ್ಲ ನನ್ನನ್ನೇ ನೋಡಿದವು. ನಾನು ಸೀಗಡಿ ಪಾತ್ರೆ ಹಿಡಿದು ಎದ್ದು ನಿಂತಿದ್ದೆ. ವೇಣಿ ಕೆಂಪು ಕೆಂಪಾಗಿ ನಮ್ಮ ಪದ್ಧತಿ ವಿವರಿಸಿದಳು. ಮೊಮ್ಮಗಳ ಕಾಯಂ ಕೆಲಸವನ್ನೂ ಸೀಗಡಿಯ ಜೊತೆಗೆ ಸುಲಿದುಬಿಟ್ಟೆ ಎಂದು ನನಗೆ ಆಗ ಹೊಳೆಯಿತು.

"ದೊಡ್ಡವರು ಹೇಳಿದ್ದು ನಮ್ಮ ಮನೇಲೂ ಮೀರೂದಿಲ್ಲ," ಎಂದರು ಸಾಹೇಬರು. "ಜಲ್ದಿ ತೊಳ್ಕೊಂಡು ಬಾ."

ವೇಣಿ ಹೋಗಿ, ಬೆಲ್ಲವನ್ನು ದವಡೆಗೆ ಒತ್ತಿಕೊಂಡು ಬಂದು ಕೂತಳು. ಪರದೆಯ ಸಾಲನ್ನು ಹೊಸದಾಗಿ ಓದಿದಳು. ಓದಿದವಳು ದವಡೆ ಆಡಿಸುವುದನ್ನೇ ಬಿಟ್ಟಳು. ಗುಡಿಸಿ ಹಾಕಲು ಅವಳು ಗಡಿಬಿಡಿಯಲ್ಲಿ ತೋರಿಸಿದ್ದು ಹಳೆಯ ಕಸವನ್ನಲ್ಲ, ಇಡೀ ತಿಂಗಳು ಎಲ್ಲರೂ ಸೇರಿ ಮಾಡಿದ ಹೊಸ ಕೆಲಸವನ್ನು. ಮೊದಲೇ ಹೌದು ಅಂದಿದ್ದರೆ ಬಲೆಯೂ ಇಲ್ಲ, ದೋಣಿಯೂ ಇಲ್ಲ.

ಅವಳು ತಪ್ಪನ್ನು ಮುಚ್ಚಿಡದೆ ಹೇಳಿ, ತಿದ್ದಿ, ಕಸವನ್ನಷ್ಟೇ ಗುಡಿಸಿ ತೋರಿಸಿದಳು. ಸಾಹೇಬರು ಗಡ್ಡ ಸವರಿಕೊಂಡರು. "ಖಂಡಿತವೇ ಅಂತ ಕೇಳಿದ್ರೆ ಎಲ್ಲರೂ ಓದದೇ ಹೌದು ಅಂತಾರೆ, ನಾನೂ ಹಾಗೇ. ಎದ್ದು ಹೋಗಿ ಬರಬೇಕು, ಅದೇ ಸರಿ. ಇದನ್ನೂ ಒಂದು ಪ್ಲಗಿನ್ ಮಾಡು."

ಕೆಲಸ ಕಾಯಂ ಆಯಿತು. ಹೊಸ ಪ್ಲಗಿನ್ನಿನ ಹೆಸರು 'ಅಜ್ಜಿ'. ಈಗ ಹೊನ್ನಾವರದಲ್ಲಿ, ಭಟ್ಕಳದಲ್ಲಿ ಯಾರು ಏನನ್ನು ಅಳಿಸಹೊರಟರೂ ಕರಿ ಪರದೆಯ ಮೇಲೆ ನಾನು ಎದುರಾಗಿ, ಕಾಲು ತೊಳೆದೆಯಾ, ಬೆಲ್ಲ ತಿಂದೆಯಾ ಎಂದು ಕೇಳುತ್ತೇನೆ. ಹೌದು ಅನ್ನದೆ ದಾರಿ ಬಿಡುವುದಿಲ್ಲ. ಆಫೀಸಿನಲ್ಲಿ ಬೆಲ್ಲದ ಡಬ್ಬಿಯನ್ನೇ ಇಟ್ಟಿದ್ದಾರಂತೆ.

ಕುಮಟಾ ಮೀನು ಪೇಟೆಗೆಲ್ಲ ಇದನ್ನು ಹೇಳಿ ಮುಗಿಸಿ, ಊಟಕ್ಕೆ ಕೂತ ಗಣಪುವಿಗೂ ಹೇಳಿದೆ. ಅವನು ಬಂಗಡೆಯ ಮುಳ್ಳು ಬಿಡಿಸುತ್ತಾ ಎಲ್ಲವನ್ನೂ ಕೇಳಿದ.

"ಹಾಂಗಾರೆ ಅಕ್ಕಾ," ಎಂದ, "ಹೊರಟವರ ತಡೆದು ಕೇಳೂದು ಈಗ ನೀನೇ ಅಲ್ದ?"

ಇಷ್ಟು ವರ್ಷ ಮಲಗಿದ್ದ ಪ್ಲಗಿನ್, ಇವತ್ತೇ ಕೆಲಸ ಮಾಡಬೇಕಿತ್ತೇ. ನಾನು ಎದ್ದು ಬಾವಿಕಟ್ಟೆಗೆ ಹೋಗಿ ಕಾಲು ತೊಳೆದುಕೊಂಡೆ.