ಸುಚಿತ್ರಾ ಸಿಸ್ಟರ್ ಮತ್ತು ಕೊನೆಯ ಲಾಂಚು

ಸೇತುವೆ ಆಗಿದ್ದೇ ಸುಚಿತ್ರಾ ಸಿಸ್ಟರಿಗೆ ಮುಳುವಾಯಿತು.

ಹೊಳೆಯಾಚೆ ತುಮರಿ ಕಡೆಯ ಸಣ್ಣ ಆಸ್ಪತ್ರೆಯಲ್ಲಿ ನರ್ಸ್ ಕೆಲಸ, ಈಚೆ ಸಾಗರದಲ್ಲಿ ಮನೆ, ನಡುವೆ ಜನರನ್ನು ನೀರು ದಾಟಿಸುವ ಲಾಂಚು. ಹನ್ನೊಂದು ವರ್ಷ ಅವಳನ್ನು ಕಾಪಾಡಿದ್ದು ಒಂದೇ ಮಾತು. ಸಂಜೆ ರೋಗಿಗಳು ಬಿಡದಿದ್ದರೆ, "ಲಾಂಚ್ ತಪ್ತದೆ ಮಾರಾಯ್ರೆ!" ಎಂದು ಚೀಲ ಹೆಗಲಿಗೇರಿಸುವುದು. ಮನೆಗೆ ತಡವಾದರೆ, "ಲಾಂಚ್ ತಪ್ತು ಮಗಾ" ಎಂದು ತಲೆ ಸವರುವುದು. ಎರಡು ದಡಕ್ಕೂ ಅದೊಂದೇ ಮಾತ್ರೆ. ಸೇತುವೆಯ ಮೇಲೆ ಬಸ್ಸು ಓಡಾಡತೊಡಗಿದ್ದೇ ತಡ, ಆ ಮಾತ್ರೆಯ ತಾರೀಖು ಮುಗಿದುಹೋಯಿತು.

ಮಗಳು ಸುಪ್ರಿಯಾ ಎರಡನೇ ಕ್ಲಾಸಿನಿಂದಲೂ ಶಾಲೆಯ ವಾರ್ಷಿಕೋತ್ಸವದಲ್ಲಿ ಕುಣಿಯುತ್ತಿದ್ದಳು. ಅಮ್ಮ ಒಂದು ಸಲವೂ ನೋಡಿರಲಿಲ್ಲ. ಈಗ ಏಳನೇ ಕ್ಲಾಸು, ಆ ಶಾಲೆಯಲ್ಲಿ ಕೊನೆಯ ವರ್ಷ. ಆಹ್ವಾನ ಪತ್ರಿಕೆಯಲ್ಲಿ ಮಗಳ ಹೆಸರಿದ್ದ ಸಾಲನ್ನು ಸುಚಿತ್ರಾ ಇಪ್ಪತ್ತು ಸಲ ಓದಿದ್ದಳು. ಉಳಿದ ಸಾಲುಗಳು ಅವಳಿಗೆ ಬೇಕಾಗಿರಲಿಲ್ಲ.

"ಆರು ಗಂಟೆಗೆ ಶುರು. ಇವತ್ತೂ ಲಾಂಚ್ ತಪ್ತು ಅಂದ್ರೆ ನೋಡು!" ಎಂದು ಬೆಳಿಗ್ಗೆ ಸುಪ್ರಿಯಾ ಬೆರಳೆತ್ತಿದ್ದಳು.

"ಸೇತುವೆ ಇದೆಯಲ್ಲೇ. ಓಡಿ ಬರ್ತೀನಿ."

ಅಂದು ಸುಚಿತ್ರಾ ಬುಗುರಿಯಂತೆ ತಿರುಗಿ ಕೆಲಸ ಮುಗಿಸಿದಳು. ನಾಲ್ಕು ಕೂಸುಗಳಿಗೆ ಚುಚ್ಚುಮದ್ದು ಹಾಕಿ, ಐದನೆಯದ್ದರ ಅಜ್ಜಿಯನ್ನು ಸಮಾಧಾನ ಮಾಡುವಷ್ಟರಲ್ಲಿ ದುರ್ಗೇಶ್ ಒಳಗೆ ಬಂದ. ಆಸ್ಪತ್ರೆಯ ಬಾಗಿಲು, ಕಸ, ಗಾಳಿಸುದ್ದಿ ಮೂರನ್ನೂ ನೋಡಿಕೊಳ್ಳುವವನು ಅವನೇ. ಅವನ ತೋಳಿಗೆ ದಪ್ಪನೆಯ ಯಜಮಾನರೊಬ್ಬರು ಜೋತುಬಿದ್ದಿದ್ದರು. ಜುಬ್ಬ ಬಿಳಿ, ಮುಖ ಅದಕ್ಕಿಂತ ಬಿಳಿ.

"ಮುಕುಂದಯ್ಯ ಅಂತೆ ಸಿಸ್ಟರ್, ತೀರ್ಥಳ್ಳಿಯೋರು. ಸೇತುವೆ ಮೇಲೆ ಬಿಸಿಲಲ್ಲಿ ನಿಂತು ಫೋಟೋ ತೆಗೆಸ್ಕಳಕ್ಕೆ ಹೋಗಿ ತಲೆ ತಿರುಗಿ ಕೂತ್ಬಿಟ್ರಂತೆ."

ಡಾಕ್ಟರು ನೋಡಿ ಸಲೈನ್ ಹಾಕಲು ಹೇಳಿದರು.

"ಸಂಜೆ ನನಗೆ..." ಎಂದು ಮುಕುಂದಯ್ಯ ಬಾಯಿ ತೆರೆದರು. ಸುಚಿತ್ರಾ ಅದರೊಳಗೆ ಥರ್ಮಾಮೀಟರ್ ಇಟ್ಟಳು. ತೆಗೆದ ಕೂಡಲೇ ಮತ್ತೆ, "ಸಂಜೆ ನಾನು..."

"ಸಂಜೆ ಎಲ್ಲರಿಗೂ ಆಗ್ತದೆ. ಸುಮ್ನೆ ಮಲಗಿ! ಸಲೈನ್ ಮುಗಿದ್ರೂ ನಾನು ಹೇಳದೆ ಏಳಂಗಿಲ್ಲ. ನೀವು ಬಿದ್ರೆ ಎತ್ತಕ್ಕೆ ನಮ್ಮಲ್ಲಿ ಕ್ರೇನಿಲ್ಲ."

ಮುಕುಂದಯ್ಯ ಒಂದನೇ ಕ್ಲಾಸಿನ ಹುಡುಗನಂತೆ ಕಣ್ಣು ಮುಚ್ಚಿಕೊಂಡರು.

ನಾಲ್ಕೂವರೆಗೆ ಸಂಜೆ ಪಾಳಿಯ ಸಿಸ್ಟರಿಗೆ ಎಲ್ಲ ಒಪ್ಪಿಸಿ ಸುಚಿತ್ರಾ ಹೊರಗೆ ಕಾಲಿಟ್ಟಳು. ಜಗಲಿಯ ಮೇಲೆ ಮುದುಕಿ ಹೂವಮ್ಮ ಹುಣ್ಣಾದ ಕಾಲು ಚಾಚಿಕೊಂಡು ಕೂತಿದ್ದಳು.

"ಎಲ್ಲಿಗೆ ಓಡ್ತೀಯೇ? ಈಗ ಲಾಂಚಿಲ್ಲ, ಎಂತ ಅವಸರ? ಪಟ್ಟಿ ಕಟ್ಟು."

"ಒಳಗೆ ಸಿಸ್ಟರ್ ಇದಾರಲ್ಲ ಹೂವಮ್ಮ."

"ಅವಳ ಕೈ ನಂಗಾಗದಿಲ್ಲ."

ಪಟ್ಟಿ ಕಟ್ಟಿ ಏಳುವಷ್ಟರಲ್ಲಿ ಮುದುಕಿ ಸೆರಗು ಹಿಡಿದಳು. "ತಡಿ. ಮಗಳು ಕುಣೀತಾಳಂತಲ್ಲ, ದುರ್ಗೇಶ ಹೇಳ್ದ." ಮಡಿಲಿನಿಂದ ಅಬ್ಬಲಿಗೆ ಹೂವು, ನಾರು ಹೊರಬಂದವು. "ಜಡೆಗೊಂದು ದಂಡೆ. ಇನ್ನೊಂದು ಗೇಣು ಅಷ್ಟೆ."

ನಡುಗುವ ಬೆರಳುಗಳು ಒಂದೊಂದೇ ಹೂವನ್ನು ಆರಿಸಿ ಕಟ್ಟುತ್ತಿದ್ದವು. ಹನ್ನೊಂದು ವರ್ಷ ಹೊಳೆ ದಾಟಿ ಬಂದದ್ದಕ್ಕೆ ಇದಕ್ಕಿಂತ ದೊಡ್ಡ ಸಂಬಳವೇನಿದೆ ಎನ್ನಿಸಿ ಸುಚಿತ್ರಾ ಮತ್ತೆ ಜಗಲಿಯ ಮೇಲೆ ಕೂತಳು. ಗೇಣು ಮುಗಿಯಿತು. ಅದೇ ಹೊತ್ತಿಗೆ ಗೇಟಿನ ಮುಂದೆ ಹಾರನ್ ಹೊಡೆದು ಸಾಗರದ ಬಸ್ಸೂ ಹೋಯಿತು.

ಗೇಟಿನ ಬಳಿ ಒಂದು ಕಾರು ನಿಂತಿತ್ತು.

"ಯಾರದ್ದು ಇದು?"

"ಒಳಗೆ ಮಲಗಿದಾರಲ್ಲ, ಅವರಿಗೆ ಬಾಡಿಗೆಗೆ ಬಂದದ್ದು," ಎಂದ ಡ್ರೈವರ್. "ಬೆಳಿಗ್ಗೆಯಿಂದ 'ಇಲ್ಲಿ ನಿಲ್ಸು, ಅಲ್ಲಿ ನಿಲ್ಸು' ಬಿಟ್ರೆ ಎಂತದೂ ಹೇಳಿಲ್ಲ."

"ಅವರು ಏಳು ಗಂಟೆ ತನಕ ಏಳಲ್ಲ, ನಾನೇ ಹೇಳಿದೀನಿ. ಅಷ್ಟರೊಳಗೆ ನನ್ನ ಸಾಗರಕ್ಕೆ ಬಿಟ್ಟು ಬನ್ನಿ ಅಣ್ಣಾ, ಪುಣ್ಯ ಬರ್ತದೆ!"

ಕಾರು ಸೇತುವೆಯ ಮೇಲೆ ಹಾರಿತು. ಸೀಟಿನಲ್ಲಿ ಬಿದ್ದಿದ್ದ ಕಾಗದವೊಂದರಿಂದ ಗಾಳಿ ಹಾಕಿಕೊಳ್ಳುತ್ತ ಸುಚಿತ್ರಾ ಕೆಳಗಿನ ನೀರಿಗೆ ನಕ್ಕಳು.

ಆರಕ್ಕೆ ಹತ್ತು ನಿಮಿಷವಿತ್ತು. ಶಾಲೆಯ ಅಂಗಳದಲ್ಲಿ ಗೆಜ್ಜೆ ಝಲ್ಲೆನ್ನಿಸುತ್ತ ಸುಪ್ರಿಯಾ ಓಡಿಬಂದಳು. "ಅಮ್ಮ ಬಂದ್ಲು! ನಮ್ಮಮ್ಮ ಬಂದ್ಲು!" ಅಬ್ಬಲಿಗೆ ಜಡೆಗೇರಿತು. ಸುಚಿತ್ರಾ ಮೊದಲ ಸಾಲಿನಲ್ಲೇ ಕೂತಳು.

ಆರೂ ಕಾಲಾಯಿತು. ಹೆಡ್ ಮಾಸ್ತರು ನಾಗರಾಜಪ್ಪ ಬೆವರೊರೆಸಿಕೊಳ್ಳುತ್ತ ಮೈಕಿನಲ್ಲಿ ಮೂರನೇ ಸಲ, "ಮುಖ್ಯ ಅತಿಥಿಗಳು ದಾರಿಯಲ್ಲಿದ್ದಾರೆ" ಎಂದರು. ಸುಚಿತ್ರಾಳ ಫೋನು ಹೊಡೆದುಕೊಂಡಿತು. ದುರ್ಗೇಶ್.

"ಸಿಸ್ಟರ್, ಆ ತೀರ್ಥಳ್ಳಿ ಯಜಮಾನ್ರು! ಡಾಕ್ಟ್ರು ಹೋಗ್ಬೋದು ಅಂದ್ರೂ ಕೇಳ್ತಿಲ್ಲ. ಆ ಸಿಸ್ಟರೇ ಬಂದು ಹೇಳಿದ್ರೆ ಏಳದು, ಕಾರಲ್ಲೂ ಅವರೇ ಪಕ್ಕ ಕೂರ್ಬೇಕು ಅಂತಾರೆ. ಅಲ್ಲಿ ಯಾವ್ದೋ ಶಾಲೇಲಿ ಭಾಷಣ ಅಂತೆ. ಹೋಗಣ ಅಂದ್ರೆ ಕಾರೂ ಇಲ್ಲ, ಯಾರೋ ಹೊಡ್ಕಂಡು ಹೋಗಿದಾರೆ!"

ಕಾರಿನಲ್ಲಿ ಗಾಳಿ ಹಾಕಿಕೊಂಡು ಹಾಗೇ ಕೈಯಲ್ಲಿ ತಂದಿದ್ದ ಕಾಗದವನ್ನು ಸುಚಿತ್ರಾ ಮೆಲ್ಲಗೆ ಬಿಡಿಸಿದಳು. ಮನೆಯಲ್ಲಿದ್ದ ಅದೇ ಆಹ್ವಾನ ಪತ್ರಿಕೆ. ಮೊದಲ ಬಾರಿಗೆ ಮೇಲಿನ ಸಾಲು ಓದಿದಳು. ಮುಖ್ಯ ಅತಿಥಿಗಳು: ಶ್ರೀ ಮುಕುಂದಯ್ಯ, ತೀರ್ಥಹಳ್ಳಿ.

ತಲೆಯೆತ್ತಿದರೆ ಎದುರಿಗೆ ನಾಗರಾಜಪ್ಪ, ಕಿವಿಯಲ್ಲಿ ಅವರದ್ದೂ ಫೋನು. "ತುಮರಿ ಆಸ್ಪತ್ರೆಯಿಂದ ಅತಿಥಿಗಳೇ ಮಾತಾಡ್ತಿದಾರೆ. ಆ ಸಿಸ್ಟರ್ ನೀವೇನಾ ತಾಯೀ? ಹೋಗಿ ಕರ್ಕಂಡು ಬಂದ್ಬಿಡಿ. ಜನ ಎದ್ದು ಹೋಗೋ ಮುಂಚೆ ಮಕ್ಕಳ ಕುಣಿತ ಶುರು ಮಾಡಿರ್ತೀನಿ. ಮೊದಲಿಗೆ ಏಳನೇ ಕ್ಲಾಸಿಂದು."

"ಅಯ್ಯೋ ಸರ್, ಈ ಹೊತ್ತಲ್ಲಿ ಆಚೆ ದಡಕ್ಕೆ... ಲಾಂಚು..." ಎಂದಿತು ನಾಲಿಗೆ, ತನ್ನಷ್ಟಕ್ಕೆ.

ಗೇಟಿನಾಚೆ ಟೀ ಕುಡಿದು ಮುಗಿಸಿದ ಡ್ರೈವರ್ ಕಾರು ಶುರು ಮಾಡಿದ.

ಗೆಜ್ಜೆಯ ಕಾಲನ್ನು ಒಮ್ಮೆ ನೆಲಕ್ಕೆ ಕುಟ್ಟಿ ಸುಪ್ರಿಯಾ ಅಂದಳು: "ಸೇತುವೆ ಇದೆಯಲ್ಲಮ್ಮ. ಓಡಿ ಹೋಗು."